ಶಾಪ ಹುಡುಕೋದು ಸುಲಭ, ಕಾರಣ ಹುಡುಕೋದು ಕಷ್ಟ

ನಂಜನಗೂಡು ತಾಲ್ಲೂಕಿನ ಕಳಲೆಗೆ ಹೋದಾಗಲೆಲ್ಲ ನನಗೆ ಒಂದೇ ಪ್ರಶ್ನೆ. ಇಷ್ಟು ಚಿಕ್ಕ ಊರಿನ ದಳವಾಯಿಗಳು ಮೈಸೂರು ಸಂಸ್ಥಾನವನ್ನೇ ಆಳಿದ್ದು ಹೇಗೆ? ಉತ್ತರ ಅರಮನೆಯ ಖಾಲಿ ತೊಟ್ಟಿಲಲ್ಲೂ ಇದೆ. 1732ರಲ್ಲಿ ದೊಡ್ಡ ಕೃಷ್ಣರಾಜ ಒಡೆಯರು ತೀರಿಕೊಂಡಾಗ ಪಟ್ಟಕ್ಕೆ ದತ್ತು ತರಬೇಕಾಯಿತು. ಹಾಗೆ ಬಂದ ಚಾಮರಾಜರನ್ನು 1734ರಲ್ಲಿ ದಳವಾಯಿ ದೇವರಾಜಯ್ಯ ಇಳಿಸಿ ಕಬ್ಬಾಳದುರ್ಗಕ್ಕೆ ಕಳಿಸಿದ.

ಜನ ಏನಂದ್ರು? ಅಲಮೇಲಮ್ಮನ ಶಾಪ ಅಂದ್ರು. ತಿ. ನರಸೀಪುರದ ಕಡೆ, ತಲಕಾಡು-ಮಾಲಂಗಿಯಲ್ಲಿ, ಇವತ್ತೂ ಆ ಕಥೆ ಹೇಳ್ತಾರೆ. ಅರಮನೆಗೆ ಅದು ಬರೀ ಕಥೆ. ಆದರೆ ಬಡವರ ಮನೆಯಲ್ಲಿ ರಾತ್ರಿ ಹಾಲು ಕುಡಿದು ಮಲಗಿದ ಕೂಸು ಬೆಳಗ್ಗೆ ಏಳದಿದ್ದರೆ? ಬಾಲಗ್ರಹ, ದೃಷ್ಟಿ, ಕೊನೆಗೆ ತಾಯಿಯ ಕಾಲ್ಗುಣ! ಇನ್ನು ನಮ್ಮ ಟಿವಿಯವರ ಕಥೆ ಬೇಡ. "ಹೆತ್ತವಳೇ ಕೊಂದಳಾ?" ಅಂತ ಒಂದು ಪ್ರಶ್ನೆಚಿಹ್ನೆ ಹಾಕಿಬಿಟ್ಟರೆ ನಮ್ಮ ಕೆಲಸ ಮುಗೀತು. ಅಂಥ ಸಾಲನ್ನು ನಾನೂ ಓದಿದ್ದೇನೆ. ಅದಕ್ಕೇ ಇವತ್ತು ಈ ಮಾತು.

ಇಂಗ್ಲೆಂಡಿನಲ್ಲಿ ಸ್ಯಾಲಿ ಕ್ಲಾರ್ಕ್ ಅಂತ ಒಬ್ಬ ವಕೀಲೆ. 1996ರಲ್ಲಿ ಮೊದಲ ಮಗು, 1998ರಲ್ಲಿ ಎರಡನೇ ಮಗು, ಎರಡೂ ಕೆಲವೇ ವಾರದ ಕೂಸುಗಳು, ಇದ್ದಕ್ಕಿದ್ದಂತೆ ತೀರಿಹೋದವು. ಒಂದೇ ಮನೆಯಲ್ಲಿ ಹೀಗೆ ಎರಡು ಸಲ ತಾನಾಗೇ ಆಗೋ ಸಾಧ್ಯತೆ 7.3 ಕೋಟಿಗೆ ಒಂದು ಅಂತ ದೊಡ್ಡ ಡಾಕ್ಟರ್ ರಾಯ್ ಮೆಡೋ ಕೋರ್ಟಿನಲ್ಲಿ ಹೇಳಿದರು. 8,543ಕ್ಕೆ ಒಂದು ಅನ್ನೋ ಲೆಕ್ಕವನ್ನು ಅದರಿಂದಲೇ ಗುಣಿಸಿದ್ದರು, ಅಷ್ಟೆ. ನೋಡಿ, ಅಣ್ಣತಮ್ಮಂದಿರ ರಕ್ತ ಒಂದೇ, ಮನೆ ಒಂದೇ. ಎರಡು ಸಾವನ್ನು ಸಂಬಂಧವೇ ಇಲ್ಲದ ಎರಡು ಲಾಟರಿ ಅಂತ ಲೆಕ್ಕ ಹಾಕಿದರೆ ಹೇಗೆ? 1999ರಲ್ಲಿ ಆಕೆಗೆ ಜೀವಾವಧಿ ಶಿಕ್ಷೆ. ಎರಡನೇ ಮಗುವಿನ ದೇಹದಲ್ಲಿ ರೋಗಾಣು ಸಿಕ್ಕಿದ್ದ ಪರೀಕ್ಷಾ ವರದಿ ಕೋರ್ಟಿನ ಮುಂದೆ ಬಂದೇ ಇರಲಿಲ್ಲ. ಅದು ಹೊರಬಿದ್ದ ಮೇಲೆ, 2003ರಲ್ಲಿ ಬಿಡುಗಡೆ. 2007ರಲ್ಲಿ ಆಕೆಯೂ ತೀರಿಕೊಂಡರು.

ಆಸ್ಟ್ರೇಲಿಯಾದ ಕ್ಯಾಥ್ಲೀನ್ ಫೋಲ್ಬಿಗ್‌ ಕಥೆ ಇನ್ನೂ ಘೋರ. ನಾಲ್ಕು ಮಕ್ಕಳು ಹೋದರು, 20 ವರ್ಷ ಜೈಲು. ಆಮೇಲೆ ಇಬ್ಬರು ಹೆಣ್ಣುಮಕ್ಕಳ ವಂಶವಾಹಿಯಲ್ಲಿ ಹೃದಯದ ಬಡಿತ ಕೆಡಿಸಬಲ್ಲ ದೋಷ ಪತ್ತೆಯಾಯಿತು. 2023ರಲ್ಲಿ ಶಿಕ್ಷೆ ರದ್ದಾಯಿತು.

ಹಾಗಾದರೆ ತನಿಖೆ ಹೇಗಿರಬೇಕು? ಮೂರು ಕಾಲಿನ ಮಣೆ ಅಂದ್ಕೊಳ್ಳಿ. ಒಂದು, ಪೂರ್ತಿ ಮರಣೋತ್ತರ ಪರೀಕ್ಷೆ: ಎಕ್ಸ್‌ರೇ, ಸೋಂಕಿನ ಪರೀಕ್ಷೆ, ವಿಷದ ಪರೀಕ್ಷೆ. ಎರಡು, ಮಲಗಿದ್ದ ಜಾಗ: ಅಂಗಾತವೋ ಬೋರಲೋ, ಪಕ್ಕದಲ್ಲಿ ಯಾರಿದ್ದರು, ಮುಖದ ಮೇಲೆ ಹೊದಿಕೆ ಬಿದ್ದಿತ್ತೇ. ಮೂರು, ತಾಯಿ-ಮಗುವಿನ ಆರೋಗ್ಯದ ಹಿನ್ನೆಲೆ. ಮೂರನ್ನೂ ನೋಡಿದ ಮೇಲೂ ಕಾರಣ ಸಿಗದಿದ್ದರೆ ಮಾತ್ರ, ವರ್ಷದೊಳಗಿನ ಕೂಸಿನ ಸಾವನ್ನು ಸಿಡ್ಸ್ ಅಂತ ಕರೀತಾರೆ. 1969ರಲ್ಲಿ ಹುಟ್ಟಿದ ಹೆಸರು ಅದು. ಬ್ರಿಟನ್ನಿನಲ್ಲಿ 2004ರ ಕೆನಡಿ ವರದಿ ಇನ್ನೊಂದು ಮಾತು ಹೇಳಿತು: ಆ ಮನೆಗೆ ಪೊಲೀಸರ ಜೊತೆ ಮಕ್ಕಳ ಡಾಕ್ಟರೂ ಹೋಗಲಿ.

ಹೀಗೆ ಕೇಳುತ್ತಾ ಹೋಗಿದ್ದಕ್ಕೇ ದೊಡ್ಡ ಫಲವೂ ಸಿಕ್ಕಿತು. ಬೋರಲು ಮಲಗಿಸೋದು ಅಪಾಯ ಅಂತ ಗೊತ್ತಾಯಿತು. 1991ರಲ್ಲಿ ಬ್ರಿಟನ್ "ಅಂಗಾತ ಮಲಗಿಸಿ" ಅಂತ ಪ್ರಚಾರ ಮಾಡಿತು. ಇಂಥ ಸಾವುಗಳು ಅರ್ಧಕ್ಕಿಂತ ಕೆಳಗಿಳಿದವು. ಮಂತ್ರವಿಲ್ಲ, ತಾಯಿತವಿಲ್ಲ. ಬರೀ ಮಲಗಿಸುವ ಬಗೆ!

ನಮ್ಮಲ್ಲೂ ವ್ಯವಸ್ಥೆ ಇದೆ. ಅನುಮಾನ ಬಂದರೆ ಪೊಲೀಸರು ಮಹಜರು ಮಾಡ್ತಾರೆ. ಮೊದಲು ಸಿಆರ್‌ಪಿಸಿ 174, 2024ರ ಜುಲೈನಿಂದ ಬಿಎನ್‌ಎಸ್‌ಎಸ್ 194. ಮಕ್ಕಳ ಸಾವಿನ ಪರಾಮರ್ಶೆಗೆ 2014ರಲ್ಲೇ ಕೇಂದ್ರದ ಮಾರ್ಗಸೂಚಿ ಬಂದಿದೆ. ಆಶಾ ಕಾರ್ಯಕರ್ತೆ ಸಾವಿನ ಸುದ್ದಿ ಮುಟ್ಟಿಸಬೇಕು, ಆರೋಗ್ಯ ಸಿಬ್ಬಂದಿ ಮನೆಯವರ ಹತ್ತಿರ ಕೂತು ಏನಾಯ್ತು ಅಂತ ಕೇಳಬೇಕು. ತಪ್ಪು ಹೊರಿಸೋಕಲ್ಲ, ಮುಂದಿನ ಕೂಸು ಉಳಿಯಲಿ ಅಂತ.

ಮಗುವನ್ನು ಕೊಂದವರೇ ಇಲ್ಲ ಅಂತ ನಾನು ಹೇಳ್ತಿಲ್ಲ. ಇದ್ದಾರೆ. ಅವರನ್ನು ಹಿಡಿಯೋಕೂ ಇದೇ ತನಿಖೆ ಬೇಕು. ಅದು ಮುಗಿಯೋವರೆಗೆ ಹೆತ್ತವಳ ಮನೆ ಮುಂದೆ ಮೈಕ್ ಹಿಡಿದು ನಿಲ್ಲಬೇಡಿ. ಈ ಮಾತು ಮೊದಲು ನನಗೆ, ಆಮೇಲೆ ನಿಮಗೆ.