ಬಿಡಿಸಿದ ಮೇಲಿನ ಬದುಕು: ಮನುಷ್ಯರ ಮಾರಾಟದ ವಿರುದ್ಧ ಶ್ರದ್ಧಾವಂತರು

ಮಾನವ ಕಳ್ಳಸಾಗಣೆ ಎಂದರೆ ಮಹಾನಗರದ ಪಿಡುಗು ಎಂದೇ ಬಹುಮಂದಿ ಭಾವಿಸುತ್ತಾರೆ. ಆದರೆ ಆಗುಂಬೆ ಘಟ್ಟದ ಮೇಲಣ ಸೀಮೆಗೆ ಮನುಷ್ಯರನ್ನು ಆಸ್ತಿಯಂತೆ ಕಂಡ ಚರಿತ್ರೆ ಇದೆ. ಹಳೆಯ ಮೈಸೂರು ಗೆಜೆಟಿಯರ್ ಮಲೆನಾಡಿನ ಜೀತದವರಲ್ಲಿ ಎರಡು ಬಗೆ ಹೇಳುತ್ತದೆ: ಯಜಮಾನನ ಮನೆಯಲ್ಲೇ ಹುಟ್ಟಿ ಅಲ್ಲೇ ದುಡಿದು ಸಾಯುವ ಹುಟ್ಟಾಳು, ಗದ್ದೆ ಕೈಬದಲಾದರೆ ಅದರೊಡನೆ ತಾನೂ ಕೈಬದಲಾಗುವ ಮಣ್ಣಾಳು. ಇಂಥ ಕಟ್ಟನ್ನು ಧರ್ಮ ಬಿಗಿದದ್ದೂ ಉಂಟು, ಬಿಚ್ಚಿದ್ದೂ ಉಂಟು. ಬಿಚ್ಚಿದ ಕೈಗಳಲ್ಲಿ ಫಲ ಕಂಡವು, ಬಿಡುಗಡೆಯಾದವರ ಅನ್ನ-ಅಕ್ಷರದ ಹೊಣೆಯನ್ನೂ ಹೊತ್ತವು ಮಾತ್ರ.

ಘಟ್ಟದ ಕೆಳಗೆ ಮಂಗಳೂರಿನಲ್ಲಿ ಬ್ರಹ್ಮಸಮಾಜದ ಕುದ್ಮುಲ್ ರಂಗರಾಯರು 1897ರಲ್ಲಿ ಡಿಪ್ರೆಸ್ಡ್ ಕ್ಲಾಸಸ್ ಮಿಷನ್ ಆರಂಭಿಸಿದಾಗ ಉಪದೇಶಕ್ಕೆ ನಿಲ್ಲಲಿಲ್ಲ. ದಲಿತರಿಗೆ ಶಾಲೆ ತೆರೆದರು, ಕಸುಬು ಕಲಿಸಿದರು. ಆ ಹೊಣೆ ಹೊರದ ನಿಷೇಧ ಮಾತ್ರ ಸಾಲದು: 1909ರಲ್ಲಿ ಮೈಸೂರು ಸರ್ಕಾರ ದೇವಾಲಯಗಳ ದೇವದಾಸಿ ಸೇವೆಯನ್ನು ನಿಲ್ಲಿಸಿತು, ಆದರೆ ಹೊಟ್ಟೆಪಾಡಿನ ಪ್ರಶ್ನೆ ಹಾಗೇ ಉಳಿಯಿತು. ದೇವರ ಹೆಸರಿನಲ್ಲಿ ಮುತ್ತು ಕಟ್ಟಿಸಿಕೊಂಡ ಹೆಣ್ಣುಮಕ್ಕಳು ಮುಂಬಯಿ, ಪುಣೆಯ ವೇಶ್ಯಾಗೃಹಗಳಿಗೆ ಸಾಗುವುದು ದಶಕಗಳ ಕಾಲ ನಡೆಯಿತು. 1982ರ ರಾಜ್ಯ ಕಾಯ್ದೆಯಂತೂ ಮಗಳನ್ನು ದೇವರಿಗೆ ಬಿಡುವ ತಂದೆತಾಯಿಗೇ 2ರಿಂದ 5 ವರ್ಷ ಸೆರೆವಾಸ ಎಂದಿತು. ನಾಲ್ಕೇ ವರ್ಷದಲ್ಲಿ, ನಮ್ಮದೇ ಶಿವಮೊಗ್ಗ ಜಿಲ್ಲೆಯ ಸೊರಬ ತಾಲ್ಲೂಕಿನ ಚಂದ್ರಗುತ್ತಿಯಲ್ಲಿ, ರೇಣುಕಾಂಬೆಯ ಬೆತ್ತಲೆ ಸೇವೆಯನ್ನು ತಡೆಯಹೋದ ಕಾರ್ಯಕರ್ತರ ಮತ್ತು ಪೊಲೀಸರ ಮೇಲೆ ಭಕ್ತರೇ ತಿರುಗಿಬಿದ್ದರು. ತಡೆಯಹೋದದ್ದು ಸರಿಯಾಗಿತ್ತು, ಆದರೆ ಭಕ್ತರ ಭಾಷೆಯಲ್ಲಿ ಅದನ್ನು ಹೇಳುವವರ ಕೊರತೆಯಿತ್ತು. ಆ ಭಾಷೆ ಬಲ್ಲವರು ಬೆಳಗಾವಿ ಕಡೆ ಎದ್ದರು: ಸ್ವತಃ ದೇವಿಗೆ ಬಿಡಲ್ಪಟ್ಟಿದ್ದ ಸೀತವ್ವ ಜೋಡಟ್ಟಿ ಮುನ್ನಡೆಸಿದ ಘಟಪ್ರಭೆಯ 'ಮಾಸ್' ಸಂಸ್ಥೆ, ಮಾಜಿ ದೇವದಾಸಿಯರದ್ದೇ ಸಂಘಟನೆ. 2018ರಲ್ಲಿ ಸೀತವ್ವ ಅವರಿಗೆ ಪದ್ಮಶ್ರೀ ಬಂತು.

ಕ್ರೈಸ್ತ ಸಂಸ್ಥೆಗಳ ಹೆಜ್ಜೆಯೂ ಇದೇ ದಿಕ್ಕಿನದು. ಸಲೇಶಿಯನ್ ಪಾದ್ರಿಗಳ 'ಬೋಸ್ಕೋ' 1980ರಿಂದ ಬೆಂಗಳೂರಿನಲ್ಲಿ ಮನೆಬಿಟ್ಟ ಮಕ್ಕಳ ನಡುವೆ ದುಡಿಯುತ್ತಿದೆ. ಮಾನವ ಕಳ್ಳಸಾಗಣೆಯ ವಿರುದ್ಧ ಕ್ಯಾಥೊಲಿಕ್ ಸನ್ಯಾಸಿನಿಯರ ಜಾಗತಿಕ ಜಾಲ 'ತಾಲಿತಾ ಕುಮ್' 2009ರಲ್ಲಿ ರೂಪುಗೊಂಡಿತು. ಇಂಟರ್‌ನ್ಯಾಷನಲ್ ಜಸ್ಟಿಸ್ ಮಿಷನ್ ಜೀತದ ಪ್ರಕರಣಗಳಲ್ಲಿ ಕಂದಾಯ ಅಧಿಕಾರಿಗಳ ಜೊತೆ ನಿಲ್ಲುತ್ತದೆ. ಇದೆಲ್ಲ ಮತಾಂತರದ ದಾರಿಯಲ್ಲವೇ ಎಂಬ ಆಕ್ಷೇಪವನ್ನು ತಳ್ಳಿಹಾಕಬಾರದು. ಸಹಾಯಕ್ಕೆ ದೇವರ ಹೆಸರಿನ ಷರತ್ತು ಹಾಕುವವರು ಹೊಸದೊಂದು ಕಟ್ಟು ಬಿಗಿಯುತ್ತಾರೆ, ಅವರು ಯಾವ ಮತದವರೇ ಆಗಲಿ. ಅಂಥ ಷರತ್ತಿನ ವಿರುದ್ಧ ಕಾವಲು 1976ರ ಜೀತ ನಿರ್ಮೂಲನ ಕಾಯ್ದೆ. ಉಪವಿಭಾಗಾಧಿಕಾರಿ ವಿಚಾರಣೆ ನಡೆಸಿ ಕೊಡುವ ಬಿಡುಗಡೆ ಪತ್ರಕ್ಕೆ ಯಾವ ಮತದ ಅರ್ಹತೆಯೂ ಬೇಕಿಲ್ಲ. ಆ ಪತ್ರವಿದ್ದರೆ ಸಾಲ ರದ್ದು, ಜೀತದ ಆರೋಪ ಸಾಬೀತಾದ ಮೇಲೆ 2016ರ ಯೋಜನೆಯಂತೆ 1ರಿಂದ 3 ಲಕ್ಷ ರೂಪಾಯಿ ಪುನರ್ವಸತಿ ನೆರವು. ಹಾಗಾದರೆ ಸರ್ಕಾರವೊಂದೇ ಸಾಕಲ್ಲ ಎನ್ನುವವರಿಗೆ ಚಂದ್ರಗುತ್ತಿಯೇ ಉತ್ತರ. ಜೀತದಾಳು ತಾನಾಗಿ ಉಪವಿಭಾಗಾಧಿಕಾರಿಯ ಕಚೇರಿಯ ಮೆಟ್ಟಿಲು ಹತ್ತುವುದೂ ಅಪರೂಪ. ಕೈಹಿಡಿದು ಕರೆದೊಯ್ಯುವವರು ಬೇಕು.

ಶೃಂಗೇರಿ, ಹೊರನಾಡು, ಸಿಗಂದೂರು ಎಂದು ಜನ ಹರಿದುಬರುವ ಈ ಸೀಮೆಯಲ್ಲಿ ಮಠ, ದೇವಸ್ಥಾನ, ಚರ್ಚು, ಮಸೀದಿಗಳ ಆಡಳಿತದವರಲ್ಲಿ ಒಂದು ಕೋರಿಕೆ: ಕೈಹಿಡಿಯುವ ಮೊದಲ ಹೆಜ್ಜೆಯಾಗಿ, ಊಟದ ಹಾಲ್‌ನ ಗೋಡೆಯ ಮೇಲೆ ಮಕ್ಕಳ ಸಹಾಯವಾಣಿ 1098 ಎಂದು ದೊಡ್ಡದಾಗಿ ಬರೆಸಿ.