ಕೋಲ್ಡ್ ಬ್ರೂ ಅಂದ್ರೆ ಅಜ್ಜಿಯ ಡಿಕಾಕ್ಷನ್ನೇನಾ?

ಹೋದ ತಿಂಗಳು ಪುಣೆಯಲ್ಲಿ ಆಫೀಸ್ ಹತ್ತಿರದ ಕೆಫೆಯಲ್ಲಿ ಒಂದು ಲೋಟ ಕೋಲ್ಡ್ ಬ್ರೂಗೆ 280 ರೂಪಾಯಿ ಕೊಟ್ಟೆ. ಫೋಟೋ ನಮ್ಮ ಕನ್ನಡ ವಾಟ್ಸಾಪ್ ಗ್ರೂಪಿಗೆ ಹಾಕಿದ್ದೇ ತಡ, ಒಬ್ಬರು ಬರೆದರು: "ಇದೇನ್ ಮಹಾ! ನಮ್ಮಜ್ಜಿ ರಾತ್ರೀನೇ ಡಿಕಾಕ್ಷನ್ ಹಾಕಿಡ್ತಿದ್ರು. ಇವ್ರು ನಮ್ಮಿಂದ ಕದ್ದಿದ್ದು." ನಾನೂ ಲೈಕ್ ಒತ್ತಿದೆ. ಆಮೇಲೆ ಸ್ವಲ್ಪ ಓದಿ ನೋಡಿ, ಆ ಲೈಕ್ ವಾಪಸ್ ತಗೊಂಡೆ. ಯಾಕೆ ಅಂತ ಹೇಳ್ತೀನಿ.

ಅಜ್ಜಿಯ ಫಿಲ್ಟರ್‌ಗೆ ಸುರಿಯೋದು ಕುದಿಯುವ ನೀರು. ಡಿಕಾಕ್ಷನ್ ನಿಧಾನವಾಗಿ ಇಳಿದರೂ ಕಾಫಿಯ ಸಾರ ತೆಗೆಯೋದು ಬಿಸಿಯೇ. ಕೋಲ್ಡ್ ಬ್ರೂನಲ್ಲಿ ಬಿಸಿ ಇಲ್ಲವೇ ಇಲ್ಲ, ಆ ಕೆಲಸ ಸಮಯದ್ದು. 12ರಿಂದ 18 ಗಂಟೆ ಬೇಕು. ತಣ್ಣೀರಿನಲ್ಲಿ ಹುಳಿ, ಕಹಿ ಕಡಿಮೆ ಇಳಿಯುತ್ತವೆ, ಪರಿಮಳವೂ ಕಡಿಮೆ. ಗಟ್ಟಿ ಸಾರ ಮಾಡಿಟ್ಟುಕೊಂಡು ಬೇಕಾದಾಗ ತೆಳು ಮಾಡೋದು, ಹೋಲಿಕೆ ಅಷ್ಟೇ.

ಹಾಗಾದ್ರೆ ಇದು ಎಲ್ಲಿಂದ ಬಂತು? ಅಲ್ಜೀರಿಯಾದ ಮಜಗ್ರಾನ್ ಕೋಟೆಯಲ್ಲಿ 1840ರಲ್ಲಿ ಮುತ್ತಿಗೆಗೆ ಸಿಕ್ಕ ಫ್ರೆಂಚ್ ಸೈನಿಕರು ಕಾಫಿ ಪಾಕಕ್ಕೆ ತಣ್ಣೀರು ಬೆರೆಸಿ ಕುಡಿದರು ಅನ್ನೋ ಕಥೆ ಇದೆ. ಆದರೆ ಅದು ತಣ್ಣನೆ ಕಾಫಿ, ತಣ್ಣೀರಲ್ಲಿ ಮಾಡಿದ ಕಾಫಿ ಅಲ್ಲ. ಅಮೆರಿಕದಲ್ಲಿ ಟಾಡ್ ಸಿಂಪ್ಸನ್ ಅನ್ನೋ ಕೆಮಿಕಲ್ ಇಂಜಿನಿಯರ್ 1964ರಲ್ಲಿ ಮನೆಬಳಕೆಗೆ ಒಂದು ಸಾಧನ ತಂದರು, ಹೆಸರು 'ಟಾಡಿ'. ಸೇಂದಿ ಅಂದ್ಕೋಬೇಡಿ! ಜಪಾನಿನ ಕ್ಯೋಟೋದಲ್ಲಿ ಎತ್ತರದ ಗಾಜಿನ ಗೋಪುರದಿಂದ ಹನಿ ಹನಿಯಾಗಿ ತಣ್ಣೀರು ಇಳಿಸಿ ಮಾಡುತ್ತಾರೆ. ಅದನ್ನು ಅಲ್ಲಿ 'ಡಚ್ ಕಾಫಿ' ಅಂತಲೂ ಕರೀತಾರೆ. ಡಚ್ಚರು ಜಾವಾದಲ್ಲಿ ಹೀಗೆ ಮಾಡುತ್ತಿದ್ದರು ಅನ್ನೋ ಪ್ರತೀತಿಯಿಂದ ಬಂದ ಹೆಸರು ಇದು.

ಮಜಾ ಇರೋದು ಇಲ್ಲಿಂದ ಮುಂದೆ. ಜಾವಾಗೆ ಕಾಫಿ ಗಿಡ ಹೋಗಿದ್ದು ನಮ್ಮ ಮಲಬಾರ್ ಕರಾವಳಿಯಿಂದ. 1696ರಲ್ಲಿ ಡಚ್ಚರು ಒಯ್ದ ಸಸಿಗಳು ಪ್ರವಾಹಕ್ಕೆ ಸಿಕ್ಕಿ ಹಾಳಾದವು, 1699ರಲ್ಲಿ ಮತ್ತೆ ಒಯ್ದರು. 1706ರಲ್ಲಿ ಜಾವಾದ ಒಂದು ಗಿಡ ಆಮ್‌ಸ್ಟರ್‌ಡ್ಯಾಮ್ ಸೇರಿತು. ಅದರ ಸಂತತಿ ಮುಂದೆ ಅಮೆರಿಕ ಖಂಡದ ತೋಟಗಳವರೆಗೂ ಹರಡಿತು. ಪಾನೀಯ ನಮ್ಮದಲ್ಲದಿರಬಹುದು, ಆದರೆ ಗಿಡದ ಪಯಣದಲ್ಲಿ ನಮ್ಮ ನೆಲ ಒಂದು ಮುಖ್ಯ ನಿಲ್ದಾಣ.

ಹಾಗಂತ ಇಲ್ಲೂ ಎದೆ ಉಬ್ಬಿಸೋ ಮೊದಲು ನಮ್ಮ ಚಿಕ್ಕಮಗಳೂರಿನ ಕಥೆ ನೆನಪು ಮಾಡ್ಕೊಳ್ಳಿ. 17ನೇ ಶತಮಾನದಲ್ಲಿ ಬಾಬಾ ಬುಡನ್ ಹಜ್ ಮುಗಿಸಿ ಬರುವಾಗ ಯೆಮನ್‌ನಿಂದ ಏಳು ಬೀಜ ಬಚ್ಚಿಟ್ಟು ತಂದು ಚಂದ್ರದ್ರೋಣ ಬೆಟ್ಟದಲ್ಲಿ ಬಿತ್ತಿದರು ಅಂತ ಪ್ರತೀತಿ. ಮೊಳಕೆ ಬರುವ ಬೀಜವನ್ನು ಯೆಮನ್ ಹೊರಗೆ ಬಿಡುತ್ತಿರಲಿಲ್ಲವಂತೆ! ಅಂದ್ರೆ "ನಮ್ಮಿಂದ ಕದ್ದರು" ಅನ್ನೋ ಮಾತು ಮೊದಲು ನಮ್ಮ ಬಾಗಿಲಿಗೇ ಬರುತ್ತೆ.

ಇನ್ನು ಮನೇಲಿ ಮಾಡೋದಕ್ಕೆ ಯಾವ ಮಷೀನೂ ಬೇಡ. ಚಿಕೋರಿ ಇಲ್ಲದ, ರವೆಯಷ್ಟು ತರಿಯಾದ ಕಾಫಿ ಪುಡಿ 100 ಗ್ರಾಂ, ನೀರು 800 ಎಂ.ಎಲ್. ಸ್ಟೀಲ್ ಡಬ್ಬದಲ್ಲಿ ಕಲಸಿ, ಮುಚ್ಚಿ, ರಾತ್ರಿ ಫ್ರಿಜ್‌ನಲ್ಲಿಡಿ. ಮಾರನೇ ದಿನ ಮೊದಲು ಟೀ ಸೋಸುಕದಲ್ಲಿ, ಆಮೇಲೆ ಒಗೆದ ಹತ್ತಿ ಬಟ್ಟೆಯಲ್ಲಿ ಸೋಸಿ. ಅಷ್ಟೇ ನೀರೋ ಹಾಲೋ ಬೆರೆಸಿ. ನುಣುಪಾದ ಫಿಲ್ಟರ್ ಪುಡಿ ಹಾಕಬೇಡಿ, ಬಟ್ಟೆ ಕಟ್ಟಿಕೊಳ್ಳುತ್ತೆ. ನಾನು ಮೊದಲ ಸಲ ಅದನ್ನೇ ಮಾಡಿ ಅರ್ಧ ಡಬ್ಬ ಸಿಂಕಿಗೆ ಸುರಿದೆ.

ಊರಿಂದ ದೂರ ಇದ್ದಾಗ ಕಂಡಿದ್ದೆಲ್ಲ ನಮ್ಮದು ಅನ್ನೋ ಆಸೆ ಬರುತ್ತೆ, ನನಗೂ ಬಂತು. ಆದರೆ ಅಜ್ಜಿಯ ಡಿಕಾಕ್ಷನ್ ದೊಡ್ಡದಾಗೋಕೆ ಅದು ಇನ್ನೊಂದರ ಮೂಲ ಆಗಬೇಕಿಲ್ಲ. ಗ್ರೂಪಿನಲ್ಲಿ ಇಷ್ಟನ್ನೂ ಬರೆದು ಹಾಕಿದೆ. ಲೈಕ್ ಬಂದಿದ್ದು ಎರಡು. ಒಂದು ನಮ್ಮಮ್ಮಂದು.