ದಣಿದ ಪ್ಲಾಟಿನಂಗೆ ಮರುಜೀವ: ಕ್ರಿಯಾವರ್ಧಕಗಳ ಪುನಶ್ಚೇತನ

ಸಾಗರ, ಹೊಸನಗರ ಹಾಗೂ ತೀರ್ಥಹಳ್ಳಿ ತಾಲ್ಲೂಕುಗಳಿಂದ ಘಾಟಿಯಿಳಿದು ಕರಾವಳಿ ಸೇರುವ ಇಂದಿನ ಪೆಟ್ರೋಲ್ ಕಾರುಗಳು ತಮ್ಮ ಹೊಗೆ ಕೊಳವೆಯಲ್ಲಿ ಒಂದಿಷ್ಟು ಬೆಲೆಬಾಳುವ ಲೋಹವನ್ನು ಹೊತ್ತೇ ಸಾಗುತ್ತವೆ. ಜೇನುಗೂಡಿನಾಕಾರದ ದಿಮ್ಮಿಗೆ ಲೇಪಿಸಿದ ಪ್ಲಾಟಿನಂ, ಪಲ್ಲಾಡಿಯಂ, ರೋಡಿಯಂಗಳ ನ್ಯಾನೋ ಕಣಗಳು ಕಾರ್ಬನ್ ಮಾನಾಕ್ಸೈಡ್‌ನಂತಹ ವಿಷಾನಿಲಗಳನ್ನು ನಿರಪಾಯಗೊಳಿಸುತ್ತವೆ. ಒಂದು ನ್ಯಾನೋಮೀಟರ್ ಎಂದರೆ ಮೀಟರಿನ ನೂರು ಕೋಟಿಯಲ್ಲಿ ಒಂದು ಪಾಲು. ಕ್ರಿಯೆ ನಡೆಯುವುದು ಲೋಹದ ಮೇಲ್ಮೈಯಲ್ಲಿ ಮಾತ್ರವಾದ್ದರಿಂದ ಕಣ ಕಿರಿದಾದಷ್ಟೂ ಲಾಭ ಹೆಚ್ಚು.

ಕ್ರಿಯಾವರ್ಧಕವು ತಾನು ಸವೆಯದೆ ಕೆಲಸ ಮಾಡುತ್ತದೆಂದು ಪಠ್ಯಪುಸ್ತಕಗಳು ಹೇಳುತ್ತವೆ. ವಾಸ್ತವದಲ್ಲಿ ಅದು ಮೂರು ಬಗೆಯಲ್ಲಿ ದಣಿಯುತ್ತದೆ. ಇಂಗಾಲದ ಮಸಿ ಕಣಗಳನ್ನು ಮುಚ್ಚುತ್ತದೆ. ಗಂಧಕ, ಸೀಸಗಳು ವಿಷವಾಗುತ್ತವೆ. ಅತಿಯಾದ ಶಾಖದಲ್ಲಿ ಕಣಗಳು ಒಂದರೊಡನೊಂದು ಕೂಡಿ ದಪ್ಪಗಾಗುತ್ತವೆ. ದೇಶದಾದ್ಯಂತ 2000ದ ಫೆಬ್ರವರಿಯಿಂದ ಸೀಸರಹಿತ ಪೆಟ್ರೋಲ್ ಬಂದುದಕ್ಕೆ ಈ ವಿಷಬಾಧೆಯೂ ಒಂದು ಕಾರಣ.

ಇದೇ ಲೋಹಕ್ಕೆ ಮರುಜೀವ ನೀಡುವ ವ್ಯವಸ್ಥೆ ಘಟ್ಟದ ಕೆಳಗೆ, ಮಂಗಳೂರಿನ ಎಂಆರ್‌ಪಿಎಲ್ ತೈಲ ಸಂಸ್ಕರಣಾಗಾರದಲ್ಲಿದೆ. ಅಲ್ಲಿನ ಸಿಸಿಆರ್ ಘಟಕಗಳು ನಾಫ್ತಾವನ್ನು ಹೆಚ್ಚು ಆಕ್ಟೇನಿನ ಪೆಟ್ರೋಲ್ ಅಂಶವಾಗಿ ಪರಿವರ್ತಿಸುತ್ತವೆ. ಈ ತಂತ್ರದಲ್ಲಿ ಪ್ಲಾಟಿನಂ ಲೇಪಿತ ಅಲ್ಯೂಮಿನಾ ಗುಳಿಗೆಗಳು ನಿಧಾನವಾಗಿ ಕೆಳಗಿಳಿಯುತ್ತಾ, ಮಸಿ ಹಿಡಿದ ಮೇಲೆ ಪಕ್ಕದ ಗೋಪುರಕ್ಕೆ ಸಾಗುತ್ತವೆ. ಅಲ್ಲಿ ಸುಮಾರು 500 ಡಿಗ್ರಿ ಸೆಲ್ಸಿಯಸ್ ಶಾಖದಲ್ಲಿ ಮಿತವಾದ ಆಮ್ಲಜನಕ ಹಾಯಿಸಿ ಮಸಿಯನ್ನು ಸುಡಲಾಗುತ್ತದೆ. ಆಮ್ಲಜನಕ ಮಿತಿಮೀರಿದರೆ ಶಾಖವೇರಿ, ಉಳಿಸಬೇಕಾದ ಕಣಗಳೇ ಕೂಡಿಕೊಂಡಾವು! ಅನಂತರದ್ದು ನಿಜವಾದ ಚಿಕಿತ್ಸೆ. ಕ್ಲೋರಿನ್ ಮತ್ತು ಆಮ್ಲಜನಕಗಳೊಡನೆ ಸೇರಿದ ಪ್ಲಾಟಿನಂ ಚಲಿಸಬಲ್ಲ ಸಂಯುಕ್ತವಾಗಿ ಅಲ್ಯೂಮಿನಾದ ಮೇಲೆ ಮತ್ತೆ ಹರಡಿಕೊಳ್ಳುತ್ತದೆ. ಕೊನೆಗೆ ಒಣಗಿಸಿ, ಜಲಜನಕ ಹಾಯಿಸಿದಾಗ ಪುನಃ ಸೂಕ್ಷ್ಮ ಲೋಹಕಣಗಳಾಗುತ್ತವೆ. ಘಟಕ ನಿಲ್ಲಿಸುವ ಅಗತ್ಯವೇ ಇಲ್ಲ.

ಚಲಿಸುವ ಕಾರಿನಲ್ಲಿ ಕ್ಲೋರಿನ್ ಬಳಸಲಾಗದು. ಜಪಾನಿನ ದೈಹಾತ್ಸು ಸಂಶೋಧಕರು 2002ರಲ್ಲಿ ಬೇರೆ ದಾರಿ ತೋರಿದರು: ಹೊಗೆಯಲ್ಲಿ ಆಮ್ಲಜನಕ ಹೆಚ್ಚಿದಾಗ ಪಲ್ಲಾಡಿಯಂ ಆಕ್ಸೈಡ್ ಹರಳಿನೊಳಗೆ ಸೇರಿ, ಕಡಿಮೆಯಾದಾಗ ಕಣವಾಗಿ ಹೊರಬರುತ್ತದೆ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಎಂ.ಎಸ್. ಹೆಗಡೆ ಮತ್ತು ಸಂಗಡಿಗರು ಲೋಹವನ್ನು ಕಣವಾಗಿಸದೆ, ಸೀರಿಯಂ ಆಕ್ಸೈಡಿನೊಳಗೆ ಅಯಾನುಗಳಾಗಿ ಹುದುಗಿಸಿದರು.

ಗ್ಯಾರೇಜುಗಳಲ್ಲಿ ದೊರೆಯುವ ಶುದ್ಧೀಕರಣ ದ್ರಾವಣಗಳು ಹೆಚ್ಚೆಂದರೆ ಮಸಿಯನ್ನು ಕಳೆಯಬಲ್ಲವು. ಕೂಡಿಕೊಂಡ ಕಣಗಳನ್ನು ಬಿಡಿಸಲಾರವು. ಅಂತಹ ದಿಮ್ಮಿಯನ್ನು ಬದಲಿಸಲೇಬೇಕು. ಹಳೆಯದರಲ್ಲಿರುವ ಲೋಹವನ್ನು ಕರಗಿಸಿ ಮರಳಿ ಪಡೆಯಬಹುದಾದ್ದರಿಂದ ಅದಕ್ಕೂ ಬೆಲೆಯುಂಟು.